ಹಳೇ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚೋ ಮುಂಚೆ ಇದೊಂದು ಮಾಡಿ
ದೇವರ ಮನೆಯ ಹಳೇ ಹಿತ್ತಾಳೆ ದೀಪಾನ ಮೊದಲು ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಅಡುಗೆ ಸೋಡಾ ಅಲ್ಲ ಮತ್ತೆ, ಪಾತ್ರೆ ಸ್ಟೀಲ್ ಅಥವಾ ಪ್ಲಾಸ್ಟಿಕ್ ಇರ್ಲಿ, ಅಲ್ಯೂಮಿನಿಯಂ ಆದ್ರೆ ಕಪ್ಪಾಗತ್ತೆ. ಆಮೇಲೆ ಹಳೇ ಟೂತ್ ಬ್ರಶ್ಶಲ್ಲಿ ಉಜ್ಜಿದ್ರೆ ಬತ್ತಿ ಇಡೋ ಮೂತಿ ಹತ್ರ ಅರಗಿನ ತರ ಅಂಟಿರೋ ಕಂದು ಜಿಡ್ಡು ಎದ್ದು ಬರತ್ತೆ. ಹುಣಸೆ ಹುಳಿ ಕಿಲುಬು ಕರಗಿಸತ್ತೆ ಹೊರತು ಎಣ್ಣೆ ಪದರ ದಾಟಲ್ಲ, ಸೋಡಾ ಆ ಎಣ್ಣೇನ ಸೋಪು ಮಾಡಿಬಿಡತ್ತೆ, ಅದಕ್ಕೇ ಆಮೇಲೆ ಹುಣಸೆಹಣ್ಣು ಒಂದೆರಡು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ರೆ ಹಿತ್ತಾಳೇಲಿ ತಾಮ್ರದ ಜೊತೆ ಇರೋ ಸತು ಮೇಲಿಂದ ಹೋಗಿ ತಾಮ್ರದ ಕೆಂಪು ಕಲೆ ಉಳಿಯತ್ತೆ, ಅದು ತೆಗೆಯೋದು ದೊಡ್ಡ ತಲೆನೋವು. ಲ್ಯಾಕರ್ (ಹೊಳಪು ಉಳಿಸೋ ಪಾರದರ್ಶಕ ಲೇಪ) ಹೊಡೆದಿರೋ ಹೊಸ ದೀಪಕ್ಕೆ ಇದು ಬೇಡ, ಕೋಟಿಂಗ್ ತೇಪೆ ತೇಪೆಯಾಗಿ ಕಿತ್ತು ಬರತ್ತೆ. ಕಂಬದೊಳಗೆ ಅರಗು ತುಂಬಿರೋದನ್ನೂ ಬಿಸಿನೀರಲ್ಲಿ ಮುಳುಗಿಸಬೇಡಿ. ಕಾಲುದೀಪದ ತಿರುಪು ಬಿಚ್ಚಿ ತೊಳೆದಿದ್ರೆ ಪೂರ್ತಿ ಒಣಗಿಸಿ ಜೋಡಿಸಿ, ಇಲ್ಲಾಂದ್ರೆ ಒಳಗೆ ಮತ್ತೆ ಹಸಿರು ಕಿಲುಬು. ಕೈಗೆ ಗ್ಲೌಸ್ ಇರ್ಲಿ, ಸೋಡಾ ಚರ್ಮ ಸುಡತ್ತೆ.