ಸೂಪರ್‌ವೈಸರ್ ಆದ ಮೇಲೆ ರಜೆ ಕೊಡುವುದನ್ನೇ ಬಿಟ್ಟೆ

ಬೆಂಗಳೂರು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಕಾಲರ್ ಅಟ್ಯಾಚ್ ಮಿಷನ್ ಮೇಲೆ ಕೂತಿದ್ದೆ. 2022ರ ದೀಪಾವಳಿ ಕಳೆದ ಮೇಲೆ ಅದೇ ಬ್ಯಾಚ್‌ಗೆ, ಅಂದರೆ ಸಾಲಾಗಿ ಕೂತು ಒಟ್ಟಿಗೆ ಶರ್ಟ್ ಹೊಲಿಯುವ ಗುಂಪಿಗೆ, ನನ್ನನ್ನೇ ಸೂಪರ್‌ವೈಸರ್ ಮಾಡಿದರು. "ಬೇರೆ ಬ್ಯಾಚ್ ಕೊಡಿ ಸಾರ್" ಅಂತ ಕೇಳಿದ್ದೆ, ಕೊಡಲಿಲ್ಲ. ಶನಿವಾರದವರೆಗೂ ನನ್ನ ಡಬ್ಬಿಯ ಉಪ್ಪಿನಕಾಯಿಗೆ ಕೈ ಹಾಕುತ್ತಿದ್ದವಳು ಸೋಮವಾರ "ಏನ್ ಮೇಡಂ" ಅಂದಳು. ಆ ಮೇಡಂನಲ್ಲಿ ಎಷ್ಟು ಖಾರ ಇತ್ತು ಅಂತ ಈ ಕೆಲಸ ಮಾಡಿದವರಿಗೆ ಹೇಳಬೇಕಿಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಂಬಳ ಹತ್ತಿರ ಹತ್ತಿರ ಮೂರು ಸಾವಿರ ಜಾಸ್ತಿ ಆಯಿತು. ಆದರೆ ಟೈಲರ್‌ಗೆ ಸಿಗುವ ಡಬಲ್ ಓಟಿ (ಓವರ್‌ಟೈಮ್ ದುಡ್ಡು) ಸೂಪರ್‌ವೈಸರ್‌ಗೆ ಇಲ್ಲ. ಸೀಸನ್ ತಿಂಗಳಲ್ಲಿ ನನಗೆ ಓಟಿಯೇ ಎರಡು ಸಾವಿರ ಬರುತ್ತಿತ್ತು. ಪಿಎಫ್ ಕಟ್ ಆಗಿ ಕೈಗೆ ಹೆಚ್ಚಿಗೆ ಉಳಿದದ್ದು ಐನೂರೋ ಆರುನೂರೋ. ಅದೂ ಚೀಟಿಯಲ್ಲಿ ಹೋಯಿತು. ಬ್ಯಾಚ್‌ನ ಇಪ್ಪತ್ತು ಜನರ ಚೀಟಿ ನಾನೇ ನಡೆಸುತ್ತಿದ್ದೆ, ತಿಂಗಳಿಗೆ ಸಾವಿರದಂತೆ. ಸೂಪರ್‌ವೈಸರ್ ಆದ ದಿನವೇ ಬಿಡಬೇಕಿತ್ತು, ಬಿಡಲಿಲ್ಲ. ಕಂತು ಕಟ್ಟಲಾಗದವಳು ಸಂಬಳದ ಮರುದಿನ ಕೆಲಸಕ್ಕೇ ಬರುತ್ತಿರಲಿಲ್ಲ, ನನ್ನ ಮುಖ ನೋಡಬೇಕಲ್ಲ ಅಂತ. ಅವಳ ಜೊತೆ ಕಫ್ (ತೋಳಿನ ತುದಿಯ ಪಟ್ಟಿ) ಹೊಲಿಯುವ ಕೆಲಸವೂ ನಿಂತುಹೋಗುತ್ತಿತ್ತು. ಮೂರು ತಿಂಗಳಿಗೆ ಚೀಟಿ ಮುಚ್ಚಿದೆ. ಕೈಯಿಂದ ಎಂಟು ಸಾವಿರ ತುಂಬಿಕೊಟ್ಟೆ.

ನಿಜವಾದ ಜಗಳ ಟಾರ್ಗೆಟ್ಟಿನದಲ್ಲ, ರಜೆಯದು. ಗೆಳತಿಗೆ ಒಂದು ದಿನ ಕೊಟ್ಟರೆ ಉಳಿದ ನಲವತ್ತು ಜನ ಲೆಕ್ಕ ಇಡುತ್ತಾರೆ. ಕೊಡದಿದ್ದರೆ "ಕುರ್ಚಿ ಸಿಕ್ಕಿದ ಮೇಲೆ ಬದಲಾದಳು." ಎರಡನ್ನೂ ಮಾಡಿ ನೋಡಿದೆ. ಹದಿನೈದು ದಿನ ಬೈದೂ ನೋಡಿದೆ. ಗಂಟೆಗೆ 60 ಶರ್ಟಿನ ಟಾರ್ಗೆಟ್, ಬರುತ್ತಿದ್ದದ್ದು 40. ಬೈದ ವಾರ 45 ಆಯಿತು, ಆದರೆ ಆಲ್ಟ್ರೇಷನ್, ಅಂದರೆ ತಪ್ಪಾಗಿ ಮತ್ತೆ ಬಿಚ್ಚಿ ಹೊಲಿಯಬೇಕಾದ ಪೀಸ್, ರಾಶಿ ಬಿತ್ತು. 2023ರ ಯುಗಾದಿ ಮರುದಿನ, ಹೊಸತೊಡಕಿನಂದು, 42 ಜನರಲ್ಲಿ ಬಂದವರು 19. ಮಂಡ್ಯ, ರಾಮನಗರದ ಕಡೆಯವರು ಹೊಸತೊಡಕಿಗೆ ಬಾಡೂಟ ಬಿಟ್ಟು ಬರುತ್ತಾರಾ? ನಾನೇ ಬರುತ್ತಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ರಜೆ ನಾನು ಕೊಡಲ್ಲ. ಇಬ್ಬಿಬ್ಬರ ಜೋಡಿ ಮಾಡುತ್ತೇನೆ, ಒಬ್ಬಳ ಮಿಷನ್ ಇನ್ನೊಬ್ಬಳಿಗೆ ಬರಬೇಕು. ಯಾರು ಯಾವತ್ತು ಬರಲ್ಲ ಅಂತ ಅವರಿಬ್ಬರೇ ಮಾತಾಡಿಕೊಳ್ಳಲಿ, ರಿಜಿಸ್ಟರ್‌ನಲ್ಲಿ ಸಹಿ ಮಾತ್ರ ನನ್ನದು. ಫ್ಲೋರ್ ಇನ್‌ಚಾರ್ಜ್ ನಕ್ಕರು. "ಹಗ್ಗ ಅವರ ಕೈಗೇ ಕೊಡ್ತೀಯಾ? ಎಲ್ಲರೂ ಮನೇಲಿ ಕೂರ್ತಾರೆ" ಅಂದರು. ಪಕ್ಕದ ಬ್ಯಾಚ್‌ನವರು "ಎರಡು ತಿಂಗಳಿಗಿಂತ ಜಾಸ್ತಿ ನಡೆಯಲ್ಲ" ಅಂದಿದ್ದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಸ್ನೇಹಿತೆಯರನ್ನೇ ಜೋಡಿ ಮಾಡಿದ್ದೆ. ಇಬ್ಬರೂ ಒಂದೇ ಮದುವೆಗೆ ಹೋದರು! ಆಮೇಲೆ ಅಕ್ಕಪಕ್ಕದ ಮಿಷನ್‌ನವರನ್ನು ಮಾಡಿದೆ. ಅವರು ಒಂದೇ ಊರು, ಒಂದೇ ಜಾತ್ರೆ. ಮೂರನೇ ಸಲ ಬುದ್ಧಿ ಬಂತು. ನಮ್ಮ ಬ್ಯಾಚ್‌ನಲ್ಲಿ ಹಾಸ್ಟೆಲಿನಲ್ಲಿರುವ ಒಡಿಶಾ ಹುಡುಗಿಯರು ಹನ್ನೆರಡು ಹದಿಮೂರು ಜನ. ಅವರಿಗೆ ಹೊಸತೊಡಕು ಇಲ್ಲ, ನಮ್ಮವರಿಗೆ ಜೂನ್‌ನಲ್ಲಿ ಬರುವ ಅವರ 'ರಜ' ಅನ್ನೋ ಹಬ್ಬ ಇಲ್ಲ. ಮಂಡ್ಯದವಳಿಗೊಬ್ಬಳು ಒಡಿಶಾದವಳು. ಭಾಷೆ ಬರಲ್ಲ ಅಂತ ಗೊಣಗಿದರು. ಕಫ್ ತಿರುಗಿಸಿ ತೋರಿಸಲು ಭಾಷೆ ಯಾಕೆ ಬೇಕು? ಶನಿವಾರ ಕೊನೆಯ ಅರ್ಧ ಗಂಟೆ ಮಿಷನ್ ಅದಲು ಬದಲು ಮಾಡಿಸಿ ಕಲಿಸಿದೆ. ಆ ಅರ್ಧ ಗಂಟೆಯಲ್ಲಿ ಇಪ್ಪತ್ತು ಪೀಸ್ ಕಡಿಮೆಯಾಗುತ್ತಿತ್ತು. ಅದನ್ನು ಪೀಸ್ ಲೆಕ್ಕದ ಬೋರ್ಡಿನಲ್ಲಿ ಹೇಗೆ ತೋರಿಸಿದೆ ಅಂತ ಇಲ್ಲಿ ಬರೆಯಲ್ಲ.

ನಡುವೆ ಬೇರೆ ಹುಚ್ಚಾಟಗಳೂ ಆದವು. ಫಾಸ್ಟ್ ಟೈಲರ್‌ಗಳನ್ನೆಲ್ಲ ಸಾಲಿನ ಶುರುವಿನಲ್ಲಿ ಕೂರಿಸಿದೆ. ಮುಂದಿನ ಮಿಷನ್‌ಗಳಿಗೆ ಪೀಸ್ ಹೋಗುವುದು ಜೋರಾಯಿತು, ತೋಳು ಹೊಲಿಯುವವರ ಹತ್ತಿರ ಬಂಡಲ್ ಬೆಟ್ಟ. ಎರಡೇ ದಿನಕ್ಕೆ ವಾಪಸ್. ಒಂದು ವಾರ ಎಫ್‌ಎಂ ಹಾಕಿಸಿದೆ. ಪೀಸ್ ಏರಲಿಲ್ಲ, ಇಳಿಯಲೂ ಇಲ್ಲ, ನನಗೆ ಮಾತ್ರ ತಲೆನೋವು.

2024ರ ಏಪ್ರಿಲ್ 10, ಮತ್ತೆ ಹೊಸತೊಡಕು. ಬಂದವರು 33. ಗಂಟೆಗೆ 52, 53 ಪೀಸ್ ತೆಗೆದೆವು. ಫ್ಲೋರ್‌ನಲ್ಲಿ ಅವತ್ತು ಅಷ್ಟು ತೆಗೆದ ಬ್ಯಾಚ್ ಇನ್ನೊಂದಿರಲಿಲ್ಲ. ಇನ್‌ಚಾರ್ಜ್ ಬೋರ್ಡ್ ಮುಂದೆ ಎರಡು ಸಲ ಓಡಾಡಿದರು, ಏನೂ ಹೇಳಲಿಲ್ಲ. ಜೂನ್‌ನಲ್ಲಿ ಒಡಿಶಾದವರು ರೈಲು ಹತ್ತಿದಾಗ ಹತ್ತು ದಿನ ನಮ್ಮವರು ಅವರ ಮಿಷನ್ ನೋಡಿಕೊಂಡರು. ಈಗ ಮಾಮೂಲಿ ದಿನ 57, 58 ಬರುತ್ತದೆ.

ಪಕ್ಕದ ಬ್ಯಾಚ್‌ನವರು ಹೋದ ತಿಂಗಳು ಇದನ್ನೇ ಮಾಡಲು ಹೋಗಿ ಕೈ ಸುಟ್ಟುಕೊಂಡರು. ಹಾಜರಿ ಪಟ್ಟಿ ನೋಡಿ ಒಂದೇ ಸಂಜೆಯಲ್ಲಿ ಜೋಡಿ ಬರೆದರಂತೆ. ನಾನು ಪಟ್ಟಿ ನೋಡಿರಲಿಲ್ಲ, ಒಂದು ತಿಂಗಳು ಊಟದ ಹಾಲ್‌ನಲ್ಲಿ ಇನ್ನೊಂದನ್ನು ನೋಡುತ್ತಿದ್ದೆ. ಏನದು ಅಂತ ಕೇಳಿದರು. ಊರು, ಹಬ್ಬದ ಲೆಕ್ಕದವರೆಗೆ ಹೇಳಿಕೊಟ್ಟಿದ್ದೇನೆ.