ಲ್ಯಾಂಕಾಸ್ಟರ್ ಅಗ್ಗನೋ ವಿ-1 ಅಗ್ಗನೋ: ನಾನು ಎಕ್ಸೆಲ್‌ನಲ್ಲಿ ಹಾಕಿದ ಲೆಕ್ಕ

ನಾನು ಪೀಣ್ಯದಲ್ಲಿ ಒಂದು ಶೀಟ್ ಮೆಟಲ್ ಶಾಪ್‌ನಲ್ಲಿ ಕಾಸ್ಟಿಂಗ್ ನೋಡ್ಕೊಳ್ಳೋನು, ಡ್ರಾಯಿಂಗ್ ಬಂದ್ರೆ ಮೆಟೀರಿಯಲ್ ಎಷ್ಟು, ಲೇಬರ್ ಎಷ್ಟು, ರಿಜೆಕ್ಷನ್ ಎಷ್ಟು ಹೋಗುತ್ತೆ ಅಂತ ಕೂತು ಕೊಟೇಶನ್ ಮಾಡೋದು, ಇಪ್ಪತ್ತು ವರ್ಷದಿಂದ ಇದೇ ಕೆಲ್ಸ. ಯುದ್ಧಗಿದ್ಧದ ಗೀಳೇನೂ ನಂಗಿರ್ಲಿಲ್ಲ. ಮಗನ ಮನೆಗೆ ಅಂತ ಲಂಡನ್‌ಗೆ ಹೋಗಿದ್ದಾಗ ಅವ್ನು ಇಂಪೀರಿಯಲ್ ವಾರ್ ಮ್ಯೂಸಿಯಂಗೆ ಕರ್ಕೊಂಡು ಹೋದ (ಟಿಕೆಟ್ ಇಲ್ಲ, ಅದಕ್ಕೇ ಹೋಗಿದ್ದು ಅನ್ನಿ), ಅಲ್ಲಿ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಲಂಡನ್ ಮೇಲೆ ಬಿಟ್ಟ ವಿ-1 (ಪೈಲಟ್ ಇಲ್ದೆ ಹಾರೋ ಬಾಂಬು), ವಿ-2 (ರಾಕೆಟ್ಟು) ಎರಡೂ ಇವೆ. ವಿ-1 ನೋಡಿದ ತಕ್ಷಣ ನಂಗನ್ಸಿದ್ದು, ಅಯ್ಯೋ ಇದು ನಮ್ ಶಾಪಲ್ಲೇ ಆಗೋ ಜಾಬು ಅಂತ. ಮೈಯೆಲ್ಲಾ ಮಾಮೂಲಿ ಸ್ಟೀಲ್ ಶೀಟು, ಬೆನ್ನ ಮೇಲೆ ಕೊಳವೆ ಥರ ಒಂದು ಪಲ್ಸ್‌ಜೆಟ್ ಎಂಜಿನ್ನು, ಮೂತಿ ತುದೀಲಿ ಪುಟಾಣಿ ಫ್ಯಾನು. ಆ ಫ್ಯಾನೇ ಅದರ ಆಟೋ ಮೀಟರ್ರು. ಗಾಳಿಗೆ ತಿರುಗ್ತಾ ತಿರುಗ್ತಾ ದೂರ ಎಣಿಸುತ್ತೆ, ಸೆಟ್ ಮಾಡಿದಷ್ಟು ಸುತ್ತು ಆಯ್ತು ಅಂದ್ರೆ ಮೂತಿ ಕೆಳಗೆ ಮಾಡಿ ಬೀಳೋದೇ. ದಿಕ್ಕು ಹಿಡಿಯೋಕೆ ಗೈರೋ, ಕಾಂಪಾಸು. ಗೈಡೆಡ್ ಮಿಸೈಲ್ ಅಂದ್ರೆ ಆಗ ಇಷ್ಟೇ.

"ಅಪ್ಪಾ, ನಿಮ್ ಎಕ್ಸೆಲ್‌ಗೆ ಹಾಕಿ ನೋಡಿ, ಬಾಂಬರ್ ವಿಮಾನ ಅಗ್ಗನೋ ಇದು ಅಗ್ಗನೋ" ಅಂತ ಮಗ ತಮಾಷೆಗೆ ಅಂದ. ಊರಿಗೆ ವಾಪಸ್ ಬಂದು ಒಂದು ಭಾನುವಾರ ಕೂತೆ, ಮೂರು ಭಾನುವಾರ ಹಿಡೀತು.

ಮೊದಲ ಸಲ ಲೆಕ್ಕ ಪೂರ್ತಿ ತಪ್ಪಾಯ್ತು. ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್ ಒಂದಕ್ಕೆ 45ರಿಂದ 50 ಸಾವಿರ ಪೌಂಡ್, ಯುದ್ಧಕ್ಕೆ ಮುಂಚಿನ ರೇಟು ಪೌಂಡಿಗೆ ಸುಮಾರು 12 ಮಾರ್ಕ್ (ಆಗಿನ ಜರ್ಮನ್ ದುಡ್ಡು) ಅಂತ ಹಿಡಿದು 5.4 ಲಕ್ಷ ಮಾರ್ಕ್ ಹಾಕಿದೆ. ವಿ-1ಗೆ 5 ಸಾವಿರದ ಚಿಲ್ಲರೆ. ಒಂದು ಲ್ಯಾಂಕಾಸ್ಟರ್ ದುಡ್ಡಿಗೆ ನೂರು ವಿ-1 ಬರುತ್ತಲ್ಲಪ್ಪಾ, ಮುಗೀತು ಕಥೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಾನು ಮಾಡಿದ್ದು ಪ್ರೆಸ್ ಮೆಷಿನ್ನಿನ ಪೂರ್ತಿ ಬೆಲೇನ ಒಂದೇ ಒಂದು ಬ್ರಾಕೆಟ್ ಮೇಲೆ ಹಾಕಿದಂಗೆ. ವಿ-1 ಒಂದ್ಸಲ ಹೋದ್ರೆ ಹೋಯ್ತು, ಬಾಂಬರ್ ವಾಪಸ್ ಬರುತ್ತೆ, ಮತ್ತೆ ಲೋಡ್ ಮಾಡ್ಬಹುದು.

ಸರಿ, ಎಷ್ಟು ಟ್ರಿಪ್ ಹೊಡೆಯುತ್ತೆ? ಲಂಡನ್‌ನ ಹೆಂಡನ್‌ನಲ್ಲಿರೋ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನ ಲ್ಯಾಂಕಾಸ್ಟರ್ 137 ಸಲ ಹೋಗಿ ಬಂದಿದ್ದು, ಮೂತಿ ಪಕ್ಕ ಸಾಲಾಗಿ ಬಾಂಬಿನ ಗುರುತು ಬರೆದಿರೋದನ್ನ ಕಣ್ಣಾರೆ ನೋಡಿದ್ನಲ್ಲ, ಅದನ್ನೇ ಹಾಕ್ಬಿಟ್ಟೆ. ಅದೂ ತಪ್ಪೇ, ಮ್ಯೂಸಿಯಂ ಸೇರಿದ್ದು ಬದುಕಿ ಉಳಿದಿದ್ದು ತಾನೆ. ಕಟ್ಟಿದ್ದು ಒಟ್ಟು 7,377 ಲ್ಯಾಂಕಾಸ್ಟರ್, ಹೋಗಿದ್ದು ಸುಮಾರು 1,56,000 ಟ್ರಿಪ್, ಹಾಕಿದ ಬಾಂಬು 6 ಲಕ್ಷ ಟನ್ನಿಗೂ ಮೇಲೆ. ಭಾಗಿಸಿದ್ರೆ ತಲಾ 21 ಟ್ರಿಪ್, 82 ಟನ್. ಅಂದ್ರೆ ವಿಮಾನದ ಬೆಲೆ ಒಂದೇ ಹಿಡಿದ್ರೆ ಟನ್ನಿಗೆ ಆರೂವರೆ ಸಾವಿರ ಮಾರ್ಕ್.

ಇದರಲ್ಲಿ ಪೆಟ್ರೋಲು, ಏರ್‌ಫೀಲ್ಡು, ನಾಲ್ಕು ಮರ್ಲಿನ್ ಎಂಜಿನ್ ಸರ್ವೀಸು ಯಾವುದೂ ಸೇರಿಲ್ಲ. ಒಂದೊಂದು ವಿಮಾನಕ್ಕೂ ಏಳು ಜನ ಬೇರೆ. ಬ್ರಿಟಿಷರ ಬಾಂಬರ್ ದಳ, ಅಂದ್ರೆ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000, ಸತ್ತವರು 55,573. ಇದನ್ನ ಯಾವ ಕಾಲಂಗೆ ಹಾಕ್ಲಿ ನಾನು? ಡಿಪ್ರಿಸಿಯೇಶನ್ ಅಂತ ಬರೆಯೋಕೆ ಕೈ ಬರ್ಲಿಲ್ಲ, ಪಕ್ಕದಲ್ಲಿ ಬರೀ ಸಂಖ್ಯೆ ಬರೆದಿಟ್ಟೆ. ಗುರಿ ವಿಷ್ಯಕ್ಕೆ ಬಂದ್ರೂ ಬಾಂಬರ್ರೇನು ಸಾಚಾ ಅಲ್ಲ, ಬ್ರಿಟಿಷರೇ ಮಾಡಿಸಿದ 1941ರ ಬಟ್ (Butt) ವರದಿ ಪ್ರಕಾರ ಟಾರ್ಗೆಟ್ ಹೊಡೆದೆ ಅಂತ ಬಂದು ಹೇಳಿದವರಲ್ಲಿ ಅದರ ಐದು ಮೈಲಿ ಒಳಗೆ ಹೋಗಿದ್ದವರು ಮೂರರಲ್ಲಿ ಒಬ್ಬರು.

ವಿ-1ಗೆ ಬರೋಣ. ಸಿಡಿತಲೆ 850 ಕೆಜಿ, ಹಾರಿಸಿದ್ದಕ್ಕೆ ಲೆಕ್ಕ ಹಾಕಿದ್ರೆ ಟನ್ನಿಗೆ ಆರು ಸಾವಿರ ಮಾರ್ಕ್, ಲ್ಯಾಂಕಾಸ್ಟರ್‌ಗೆ ಸಮ ಸಮ. ಆದ್ರೆ ನಮ್ಮಲ್ಲಿ ಕಸ್ಟಮರ್ ಕಾಸು ಕೊಡೋದು ಪಾಸಾದ ಪೀಸಿಗೆ ತಾನೆ. ಇಂಗ್ಲೆಂಡ್ ಕಡೆ ಹಾರಿದ್ದು ಹತ್ತು ಸಾವಿರದ ಹತ್ರ, ಲಂಡನ್ ಮುಟ್ಟಿದ್ದು 2,400 ಚಿಲ್ಲರೆ. ಮುಕ್ಕಾಲು ಪಾಲು ರಿಜೆಕ್ಷನ್! ಟನ್ನಿಗೆ 25 ಸಾವಿರಕ್ಕೆ ಹೋಯ್ತು. ಆದ್ರೂ ಪೈಲಟ್ ಇಲ್ಲ, ಒಬ್ಬನೂ ವಾಪಸ್ ಬರ್ಬೇಕಾಗಿಲ್ಲ, ಅಷ್ಟಕ್ಕೆ ಪರವಾಗಿಲ್ಲ ಅನ್ನೋ ರೇಟು.

ವಿ-2 ಬಗ್ಗೆ ಹೇಳ್ಬೇಕಂದ್ರೆ ಇಂಜಿನಿಯರಿಂಗ್‌ಗೆ ಕೈ ಮುಗೀಬೇಕು, ಕಾಸ್ಟಿಂಗ್‌ಗೆ ತಲೆ ಚಚ್ಕೋಬೇಕು. ಹನ್ನೆರಡೂವರೆ ಟನ್ ತೂಕದ ರಾಕೆಟ್ಟು, ಆಲೂಗೆಡ್ಡೆಯಿಂದ ತೆಗೆದ ಆಲ್ಕೋಹಾಲು, ಲಿಕ್ವಿಡ್ ಆಕ್ಸಿಜನ್, ಇಷ್ಟೆಲ್ಲ ಮಾಡಿ ಹೊತ್ಕೊಂಡು ಹೋಗೋದು ಒಂದು ಟನ್. ಮೊದಲು ಒಂದಕ್ಕೆ ಒಂದು ಲಕ್ಷ ಮಾರ್ಕ್ ಇದ್ದಿದ್ದು 1945ರ ಹೊತ್ತಿಗೆ 50 ಸಾವಿರಕ್ಕೆ ಇಳೀತು. ಆ ಕಡಿಮೆ ರೇಟೇ ಹಿಡಿದ್ರೂ, ಲಂಡನ್ ಕಡೆ ಬಿಟ್ಟಿದ್ದು 1,358, ಬಿದ್ದಿದ್ದು 517, ಟನ್ನಿಗೆ 1.3 ಲಕ್ಷ ಮಾರ್ಕ್. ಡೆವಲಪ್‌ಮೆಂಟ್ ಖರ್ಚು 200 ಕೋಟಿ ಮಾರ್ಕ್ ಅಂತಾರೆ, ಅದನ್ನೂ ಓವರ್‌ಹೆಡ್ ಅಂತ ಹಂಚಿದ್ರೆ, ಕಟ್ಟಿದ್ದು ಆರು ಸಾವಿರ ಅಂದ್ಕೊಂಡ್ರೂ ಒಂದೊಂದರ ತಲೆ ಮೇಲೆ ಇನ್ನೂ 3.3 ಲಕ್ಷ ಕೂರುತ್ತೆ, ಅಂದ್ರೆ ರಾಕೆಟ್ಟಿಗಿಂತ ಓವರ್‌ಹೆಡ್ಡೇ ಆರು ಪಟ್ಟಿಗೂ ಮೇಲೆ.

ಅರ್ಧಕ್ಕರ್ಧ ರೇಟು ಇಳಿದಿದ್ದು ಹೇಗೆ ಅಂತ ನಂಗೆ ಮೊದಲಿಂದ ಅನುಮಾನ ಇತ್ತು, ಸಪ್ಲೈಯರ್ ಹೀಗೆ ಇಳಿಸಿದ್ರೆ ನಾವು ಲೇಬರ್ ಕಾಲಂ ಮೊದಲು ನೋಡ್ತೀವಿ. ನೋಡಿದೆ. ವಿ-2 ಮಾಡ್ತಿದ್ದಿದ್ದು ಜರ್ಮನಿಯ ನಾರ್ಡ್‌ಹೌಸನ್ ಹತ್ರ ಬೆಟ್ಟದ ಸುರಂಗದಲ್ಲಿ, ಮಿಟ್ಟೆಲ್‌ವೆರ್ಕ್ ಕಾರ್ಖಾನೆಯಲ್ಲಿ, ಕೆಲಸಕ್ಕೆ ನಾಜಿಗಳ ಡೋರಾ ಕ್ಯಾಂಪಿನ ಖೈದಿಗಳು. ಡೋರಾಗೆ, ಅದರ ಕೈಕೆಳಗಿನ ಕ್ಯಾಂಪುಗಳಿಗೆ ಬಂದವರು ಸುಮಾರು 60 ಸಾವಿರ, ಸತ್ತವರು 20 ಸಾವಿರದ ಹತ್ರ. ವಿ-2 ಬಿದ್ದು ಲಂಡನ್‌ನಲ್ಲಿ ಸತ್ತವರು 2,700 ಚಿಲ್ಲರೆ. ಆ 50 ಸಾವಿರ ಅನ್ನೋ ಸೆಲ್‌ಗೆ ಕೆಂಪು ಬಣ್ಣ ಹಾಕಿ ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಮೂರನೇ ಭಾನುವಾರ ಮಗನಿಗೆ ಫೋನ್‌ನಲ್ಲಿ ಎಲ್ಲಾ ಒಪ್ಪಿಸಿದೆ. "ಎದುರಾಳಿ ಖರ್ಚು ಹಾಕಿದ್ರಾ?" ಅಂದ. ಹಾಕಿರ್ಲಿಲ್ಲ! ವಿ-2 ಸದ್ದಿಗಿಂತ ವೇಗವಾಗಿ ಬರೋದು, ಬಂದ್ಮೇಲೆ ತಡೆಯೋ ಮಾತೇ ಇಲ್ಲ, ತಡೆಯೋಕಾಗಲ್ಲ ಅಂದ್ಮೇಲೆ ತಡೆಯೋ ಖರ್ಚೂ ಇಲ್ಲ. ವಿ-1 ಹಾಗಲ್ಲ, ಗಂಟೆಗೆ 640 ಕಿಮೀ, ಅಟ್ಟಿಸ್ಕೊಂಡು ಹೋಗಿ ಹೊಡೀಬಹುದು, ಅದಕ್ಕೇ ಬ್ರಿಟಿಷರು ಫೈಟರ್ ವಿಮಾನ ಹಾರಿಸಿ, ದಾರಿಗೆ ಅಡ್ಡ ತಂತಿ ಇಳಿಬಿಟ್ಟ ಬಲೂನು ಕಟ್ಬೇಕಾಯ್ತು, 1944ರ ಜುಲೈನಲ್ಲಿ ತೋಪುಗಳನ್ನೆಲ್ಲ ಕಿತ್ತು ಸಮುದ್ರ ದಡಕ್ಕೆ ಸಾಗಿಸಿದ್ರು, ರೇಡಾರು ಬಂತು, ಗುರಿ ಹತ್ರ ಬಂದ್ರೆ ತಾನೇ ಸಿಡಿಯೋ ಪ್ರಾಕ್ಸಿಮಿಟಿ ಫ್ಯೂಸು ಬಂತು. ಸರಿ, ಎದುರಾಳಿ ಕೈಲಿ ಖರ್ಚು ಮಾಡಿಸೋದ್ರಲ್ಲಿ ವಿ-1 ಗೆದ್ದಂಗೇ ಅಂತ ಬರೆದು ಮುಗಿಸೋನಿದ್ದೆ.

ಆಮೇಲೆ ಆಗಸ್ಟ್ 28ರ ದಿನದ ಲೆಕ್ಕ ಸಿಕ್ತು. ವಿ-1 ದಾಳಿ ಜೂನ್ 13ಕ್ಕೆ ಶುರುವಾಗಿದ್ದು, ಹನ್ನೊಂದು ವಾರ ಆಗಿತ್ತು. ಅವತ್ತು ಬಂದಿದ್ದು 97, ಲಂಡನ್ ಮುಟ್ಟಿದ್ದು 4. ಅದೇ ಐದು ಸಾವಿರ ಮಾರ್ಕ್ ಹಾಕಿ ಭಾಗಿಸಿದೆ, ಮುಟ್ಟಿದ ಒಂದೊಂದಕ್ಕೂ 1.2 ಲಕ್ಷ ಮಾರ್ಕ್. ಹೆಚ್ಚುಕಮ್ಮಿ ವಿ-2 ರೇಟೇ. ಫಾರ್ಮುಲಾ ತಪ್ಪಾಯ್ತೇನೋ ಅಂತ ಎರಡೆರಡು ಸಲ ನೋಡಿದೆ, ಸರಿಯಾಗೇ ಇತ್ತು.