ಬೆಲ್‌ಗ್ರೇಡ್–ಡುಬ್ರೋವ್ನಿಕ್: ರೈಲಿಲ್ಲದ ಕಡೆ ಬಸ್ಸು ಜೋಡಿಸಿದ್ದು

ಸರ್ಬಿಯಾದ ಬೆಲ್‌ಗ್ರೇಡ್‌ನಿಂದ ಕ್ರೊಯೇಷಿಯಾದ ಡುಬ್ರೋವ್ನಿಕ್‌ಗೆ ರೈಲು ಹುಡುಕಿ ಟೈಮ್ ವೇಸ್ಟ್ ಮಾಡಬೇಡಿ, ಇಲ್ಲ. ಡುಬ್ರೋವ್ನಿಕ್‌ಗೆ ಇದ್ದ ನ್ಯಾರೋಗೇಜ್ ಲೈನನ್ನು 1976ರಲ್ಲೇ ಮುಚ್ಚಿದರು. ಬೆಲ್‌ಗ್ರೇಡ್‌ನಿಂದ ಬೋಸ್ನಿಯಾದ ಸರಾಯೆವೋಗೆ ಇದ್ದ ನೇರ ರೈಲೂ 2012ರಲ್ಲಿ ನಿಂತುಹೋಯಿತು. ಯುಗೊಸ್ಲಾವಿಯಾ ಒಂದೇ ದೇಶವಾಗಿದ್ದಾಗ ಹಾಕಿದ ಹಳಿಗಳು, ಈಗ ನಡುನಡುವೆ ಗಡಿ ಬಂದಿದೆ. ಅದಕ್ಕೇ ನಾನು ಲೆಕ್ಕ ಉಲ್ಟಾ ಹಾಕಿದೆ. ಹತ್ತಲೇಬೇಕಾದ ರೈಲು ಯಾವುದು ಅಂತ ಮೊದಲು ನೋಡಿ, ಅದರ ಆಚೆ ಈಚೆ ಬಸ್ಸು ಸೇರಿಸಿಕೊಂಡೆ. ಹೋಗುವಾಗ ಬೋಸ್ನಿಯಾದೊಳಗಿನ ಸರಾಯೆವೋ–ಮೊಸ್ತಾರ್, ವಾಪಸ್ ಮಾಂಟೆನೆಗ್ರೋ ಮೂಲಕ ಬರುವಾಗ ಅಲ್ಲಿನ ಬಾರ್ ಊರಿಂದ ಬಾರ್–ಬೆಲ್‌ಗ್ರೇಡ್.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ ಸರ್ಬಿಯಾಕ್ಕೆ ಹೋಗೋದು 2023ರ ಜನವರಿಯಿಂದ ನಿಂತಿದೆ. ನಾನು ಜರ್ಮನಿಯಲ್ಲಿರೋದು, ಇಲ್ಲಿನ ರೆಸಿಡೆನ್ಸ್ ಕಾರ್ಡ್ ಇದ್ದದ್ದರಿಂದ ಬೇರೆ ವೀಸಾ ಬೇಕಾಗಲಿಲ್ಲ. ಆದರೆ ಈ ನಿಯಮಗಳು ಬದಲಾಗ್ತಾ ಇರುತ್ತವೆ, ಒಂದೊಂದು ದೇಶದ್ದೂ ಬೇರೆ ಬೇರೆ ನೋಡಿಕೊಳ್ಳಿ.

ಬೆಲ್‌ಗ್ರೇಡ್‌ನಿಂದ ಸರಾಯೆವೋಗೆ ಬಸ್ಸು, ಆರೇಳು ಗಂಟೆ. ಇಲ್ಲಿ ಗೊತ್ತಿರಬೇಕಾದ್ದು: ಸರಾಯೆವೋದಲ್ಲಿ ಎರಡು ಬಸ್ ಸ್ಟ್ಯಾಂಡ್ ಇವೆ. ಒಂದು ಊರೊಳಗೆ, ರೈಲ್ವೆ ಸ್ಟೇಷನ್ ಪಕ್ಕ. ಇನ್ನೊಂದು ಪೂರ್ವ ಸರಾಯೆವೋದ ಲುಕಾವಿತ್ಸಾದಲ್ಲಿ, ಅಂದರೆ ಬೋಸ್ನಿಯಾದೊಳಗಿನ ರೆಪುಬ್ಲಿಕಾ ಸ್ರ್ಪ್‌ಸ್ಕಾ ಭಾಗದಲ್ಲಿ. ಬೆಲ್‌ಗ್ರೇಡ್ ಬಸ್ಸುಗಳು ಜಾಸ್ತಿ ಬಂದು ನಿಲ್ಲೋದು ಈ ಎರಡನೆಯದರಲ್ಲೇ. ಟಿಕೆಟ್ ಮೇಲೆ ಬರೀ ‘ಸರಾಯೆವೋ’ ಅಂತಿದ್ದರೆ ಯಾವ ಸ್ಟ್ಯಾಂಡ್ ಅಂತ ಕೇಳಿಯೇ ದುಡ್ಡು ಕೊಡಿ. ಲುಕಾವಿತ್ಸಾದಲ್ಲಿ ಇಳಿದರೆ ಟ್ಯಾಕ್ಸಿಯೇನೂ ಬೇಡ, ಸ್ವಲ್ಪ ನಡೆದರೆ ಸರಾಯೆವೋದ ದೊಬ್ರಿನ್ಯಾ ಬಡಾವಣೆ, ಅಲ್ಲಿಂದ 103ನೇ ನಂಬರಿನ ಟ್ರಾಲಿಬಸ್ ಊರ ನಡುವಿಗೇ ಹೋಗುತ್ತದೆ.

ಕೈಯಲ್ಲಿ ಚಿಲ್ಲರೆ ಇರಲಿ. ಡಿಕ್ಕಿಗೆ ಹಾಕುವ ಬ್ಯಾಗಿಗೆ ಟಿಕೆಟ್ ಬಿಟ್ಟು ಬೇರೆ ದುಡ್ಡು, ಒಂದೆರಡು ಮಾರ್ಕ್ (ಬೋಸ್ನಿಯಾದ ದುಡ್ಡು) ಅಥವಾ ಯೂರೋ. ಕಂಡಕ್ಟರ್ ಬ್ಯಾಗಿಗೊಂದು ಸ್ಟಿಕ್ಕರ್ ಅಂಟಿಸಿ, ಅದರ ತುಂಡು ನಮ್ಮ ಕೈಗೆ ಕೊಟ್ಟು, ನಾಣ್ಯಕ್ಕೆ ಕೈ ಚಾಚುತ್ತಾನೆ. ಐವತ್ತರ ನೋಟು ತೋರಿಸಿದರೆ ಅವನ ಮುಖ ನೋಡಬೇಕು!

ಸರಾಯೆವೋ–ಮೊಸ್ತಾರ್ ರೈಲು ಎರಡು ಗಂಟೆ ಚಿಲ್ಲರೆ. ಬಸ್ಸಲ್ಲೂ ಹೋಗಬಹುದು, ಆದರೆ ಯಾಕೆ ಹೋಗಬೇಕು? ಇವಾನ್ ಬೆಟ್ಟದ ಸುರಂಗ ದಾಟಿದ ಮೇಲೆ ರೈಲು ಸುತ್ತಿ ಸುತ್ತಿ ಕೋನಿಟ್ಸ್‌ಗೆ ಇಳಿಯುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ನಾವೇ ಹೋಗಬೇಕಾದ ಹಳಿ ಕೆಳಗೆ ಕಿಟಕಿಯಲ್ಲಿ ಕಾಣುತ್ತಿರುತ್ತದೆ. ಅಲ್ಲಿಂದ ಮುಂದೆ ನೆರೆತ್ವಾ ನದಿ ಜೊತೆಗೇ ಬರುತ್ತದೆ. ಮೊಸ್ತಾರ್‌ನಲ್ಲಿ ರೈಲು ಇಳಿದರೆ ಪಕ್ಕದಲ್ಲೇ ಬಸ್ ಸ್ಟ್ಯಾಂಡ್, ಡುಬ್ರೋವ್ನಿಕ್ ಬಸ್ಸು ಅಲ್ಲೇ ಸಿಗುತ್ತದೆ.

ಕ್ರೊಯೇಷಿಯಾ 2023ರಿಂದ ಷೆಂಗೆನ್ (ತಮ್ಮತಮ್ಮೊಳಗೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪು) ಒಳಗೆ, ಹಾಗಾಗಿ ಗಡಿಯಲ್ಲಿ ತಪಾಸಣೆ ಸರಿಯಾಗಿಯೇ ಇರುತ್ತದೆ. ಒಮ್ಮೊಮ್ಮೆ ಬಸ್ಸಿನವರೇ ಪಾಸ್‌ಪೋರ್ಟ್ ಎಲ್ಲಾ ಕಲೆಹಾಕಿ ಒಯ್ಯುತ್ತಾರೆ, ಒಮ್ಮೊಮ್ಮೆ ಎಲ್ಲರನ್ನೂ ಇಳಿಸಿ ಸಾಲು ನಿಲ್ಲಿಸುತ್ತಾರೆ. ನಾನು ಕಾರ್ಡನ್ನು ಪಾಸ್‌ಪೋರ್ಟ್ ಒಳಗೇ ಇಟ್ಟು ಕೊಡುತ್ತಿದ್ದೆ. ಡುಬ್ರೋವ್ನಿಕ್‌ನಿಂದ ಮಾಂಟೆನೆಗ್ರೋದ ಕೋಟೊರ್ ಕಡೆ ಹೋಗುವಾಗ ದೆಬೆಲಿ ಬ್ರಿಯೆಗ್ ಗಡಿ ಸಿಗುತ್ತದೆ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿ ಕ್ಯೂ ಗಂಟೆಗಟ್ಟಲೆ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ಅದೇ ದಿನ ಬೇರೆ ಯಾವುದಕ್ಕೂ ಟಿಕೆಟ್ ಬುಕ್ ಮಾಡಿಟ್ಟುಕೊಳ್ಳಬೇಡಿ.

ಇನ್ನು ಬಾರ್–ಬೆಲ್‌ಗ್ರೇಡ್ ಲೈನು. 476 ಕಿಲೋಮೀಟರ್, 250ಕ್ಕೂ ಜಾಸ್ತಿ ಸುರಂಗ. ಇದು ಶುರುವಾಗಿದ್ದೂ 1976ರಲ್ಲೇ, ಅತ್ತ ಡುಬ್ರೋವ್ನಿಕ್ ಲೈನ್ ಮುಚ್ಚಿದ ವರ್ಷ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಬಾಗಿಲ ಹತ್ತಿರ ನಿಂತು ಬಂದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಮಾಂಟೆನೆಗ್ರೋದ ರಾಜಧಾನಿ ಪೊಡ್ಗೊರಿತ್ಸಾ ಬಿಟ್ಟು ಮೇಲೆ ಏರುವಾಗ ಮಾಲಾ ರಿಯೆಕಾ ಸೇತುವೆ ಬರುತ್ತದೆ, ಕೆಳಗೆ ಕಣಿವೆ ಹತ್ತಿರ ಹತ್ತಿರ 200 ಮೀಟರ್ ಆಳ. ಇದನ್ನು ನೋಡಬೇಕಂದ್ರೆ ಹಗಲು ರೈಲೇ ಬೇಕು, ಅದು ಓಡೋದು ಬೇಸಿಗೆಯಲ್ಲಿ ಮಾತ್ರ. ಉಳಿದ ಕಾಲದಲ್ಲಿ ರಾತ್ರಿ ರೈಲೇ ಗತಿ, ಮಲಗೋಕೆ ಪರವಾಗಿಲ್ಲ, ನೋಡೋಕೆ ಏನೂ ಇಲ್ಲ.

ಕೋಟೊರ್‌ಗೆ ರೈಲಿಲ್ಲ, ಬಸ್ಸಲ್ಲಿ ಬಾರ್‌ಗೋ ಪೊಡ್ಗೊರಿತ್ಸಾಗೋ ಬಂದು ಹತ್ತಬೇಕು. ಪೊಡ್ಗೊರಿತ್ಸಾದಲ್ಲಿ ಬಸ್ಸು, ರೈಲು ಎರಡರ ಸ್ಟೇಷನ್ನೂ ಅಕ್ಕಪಕ್ಕ. ನಾನು ಹಿಂದಿನ ದಿನವೇ ಕೌಂಟರ್‌ಗೆ ಹೋಗಿ ಸೀಟು ಬರೆಸಿಕೊಂಡೆ. ಹನ್ನೊಂದು–ಹನ್ನೆರಡು ಗಂಟೆ ಅಂತ ಬರೆದಿರುತ್ತಾರೆ, ಅದಕ್ಕೆ ಇನ್ನೊಂದೆರಡು ಸೇರಿಸಿಕೊಳ್ಳಿ. ಊಟ, ನೀರು ಕಟ್ಟಿಕೊಂಡೇ ಹತ್ತಿ. ಬೆಲ್‌ಗ್ರೇಡ್‌ನ ಹಳೇ ಮುಖ್ಯ ಸ್ಟೇಷನ್ 2018ರಲ್ಲೇ ಮುಚ್ಚಿದೆ, ಹಾಗಾಗಿ ರೂಮು ಬುಕ್ ಮಾಡುವಾಗ ಹಳೇ ಗೈಡ್ ಪುಸ್ತಕ ನಂಬದೆ ಈಗಿನ ಮುಖ್ಯ ಸ್ಟೇಷನ್ ಪ್ರೊಕೋಪ್ ಎಲ್ಲಿದೆ ಅಂತ ನೋಡಿಕೊಳ್ಳಿ.